ಬೆಳ್ಳಿಕಾಲಿನ ನೊಣ

ಮೂಡಬಿದಿರೆ
14 ಜನವರಿ 2024

ಇರ್ಷಾದ್,

ಅಸ್ಸಲಾಮು ಅಲೈಕುಂ. ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಫೋನಿನಲ್ಲಿ ಬೈದರೆ ನಕ್ಕು ಜಾರಿಕೊಳ್ತೀಯ, ಹಾಗಾಗಿ ಕಾಗದ. ಬರೆದು ಫೋಟೋ ತೆಗೆದು ಕಳಿಸ್ತಿದ್ದೇನೆ, ಉತ್ತರವೂ ಹಾಗೆಯೇ ಬರಲಿ. ಹದಿನೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಬರಹದಲ್ಲಿ ಸುಳ್ಳು ಹೇಳುವವರನ್ನು ಹಿಡಿಯುವುದು ನನಗೆ ಕಷ್ಟವಲ್ಲ.

ಮೊನ್ನೆ ಪುಂಜಾಲಕಟ್ಟೆಗೆ ಹೋಗಿದ್ದೆ. ನಸೀಬಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಿನ್ನ ಮಗಳು ಜುವೈರಿಯಾ ಕರುವಿನ ಕುತ್ತಿಗೆಗೆ ತನ್ನ ಶಾಲೆಯ ಟೈ ಕಟ್ಟಲು ನೋಡ್ತಿದ್ದಳು. ನಸೀಬಾ ನನ್ನ ಮುಖ ನೋಡದೆ ಕೇಳಿದಳು, "ಎರಡು ತಿಂಗಳಾಯ್ತು, ಅವರು ವಿಡಿಯೋ ಕಾಲ್ ಮಾಡುವುದಿಲ್ಲ. ಕ್ಯಾಮರಾ ಹಾಳಾಗಿದೆ ಅಂತಾರೆ. ಅಲ್ಲಿ ಯಾರಾದ್ರೂ ಇರಬಹುದಾ ನುಸ್ರತಕ್ಕ?"

ನಾನು ಬಾಯಿಗೆ ಬಂದದ್ದು ಹೇಳಿ ನಗಿಸಿದೆ. ಆದರೆ ಬಸ್ಸಿನಲ್ಲಿ ಬರುವಾಗ ನನಗೂ ಅದೇ ಯೋಚನೆ. ಅವಳ ಉಮ್ಮ ಜುಲೈಕಾ ನಿನ್ನನ್ನು ಅಳಿಯ ಅಂತ ಅಲ್ಲ, ಮಗ ಅಂತ ಮನೆಗೆ ಸೇರಿಸಿಕೊಂಡವರು. ಗಂಡ ತೀರಿದ ಮೇಲೆ ಎರಡು ದನ ಕಟ್ಟಿ, ಬೀಡಿ ಸುತ್ತಿ ಒಬ್ಬಳೇ ಮಗಳನ್ನು ಬೆಳೆಸಿದವರು. ಅವರ ಕಣ್ಣಲ್ಲಿ ನೀರು ಬರುವಂಥದ್ದು ಏನಾದರೂ ಮಾಡಿದರೆ ನಾನು ನಿನ್ನ ಅಕ್ಕ ಅಲ್ಲ.

ಸತ್ಯ ಬರೆ.

ನುಸ್ರತ್


ಅಲ್ ಅಹ್ಸಾ, ಸೌದಿ
2 ಫೆಬ್ರವರಿ 2024

ಅಕ್ಕ,

ವ ಅಲೈಕುಂ ಸಲಾಂ. ನೀನು ಯೋಚನೆ ಮಾಡಿದ ಹಾಗೆ ಎಂತದೂ ಇಲ್ಲ. ಇಲ್ಲಿ ಖರ್ಜೂರದ ತೋಟಗಳಲ್ಲಿ ಪಂಪು ರಿಪೇರಿ ಮಾಡುವವನಿಗೆ ಹೆಂಗಸರ ನೆರಳು ಕೂಡ ಕಾಣ್ಲಿಕ್ಕೆ ಸಿಗುವುದಿಲ್ಲ.

ಅಕ್ಟೋಬರಿನಲ್ಲಿ ವೆಲ್ಡಿಂಗ್ ಮಾಡುವಾಗ ಕಿಡಿ ಹಾರಿ ಎಡ ಕೆನ್ನೆ ಸುಟ್ಟಿತು. ಗಾಯ ಹುಣ್ಣಾಗಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಆಯ್ತು. ನಸೀಬಾ ಹೆದರುತ್ತಾಳೆ ಅಂತ ತೋರಿಸಲಿಲ್ಲ, ಅಷ್ಟೇ. ಈಗ ಒಣಗುತ್ತಾ ಬಂದಿದೆ. ಪೆರ್ನಾಳ್ ಹಬ್ಬಕ್ಕೆ ಎರಡು ತಿಂಗಳ ರಜೆ ಸಿಕ್ಕಿದೆ. ಬಂದಾಗ ನೀನೇ ನೋಡು. ಅವಳಿಗೂ ಇದನ್ನೇ ಹೇಳು.

ಇರ್ಷಾದ್


ಮೂಡಬಿದಿರೆ
30 ಜೂನ್ 2024

ಇರ್ಷಾದ್,

ನೀನು ಹೋಗಿ ಮೂರು ವಾರ ಆಯ್ತು. ಮನೆಯಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವ ಅಂದರೆ ಹಾಗಿಲ್ಲ. ನಸೀಬಾಳಿಗೆ ಜ್ವರ. ನೀನು ಹೋದ ಮರುದಿನ ಶುರುವಾದದ್ದು ಅಂತ ಹೇಳ್ತಾಳೆ. ಸಂಜೆ ನಾಲ್ಕಕ್ಕೆ ಚಳಿ ಬರ್ತದೆ, ಬೆಳಗ್ಗೆ ಬಿಡ್ತದೆ. ಮಲೇರಿಯಾ ಅಲ್ಲವಂತೆ. ಟೈಫಾಯ್ಡಿನ ಮದ್ದು ಹತ್ತು ದಿನ ಆಯ್ತು, ಇಳಿಯಲಿಲ್ಲ. ಮಳೆಗಾಲದಲ್ಲಿ ಯಾರಿಗೆ ಜ್ವರ ಇಲ್ಲ ಅಂತ ಅವಳೇ ನಮಗೆ ಸಮಾಧಾನ ಹೇಳ್ತಾಳೆ. ಆದರೆ ಒಂದು ತಿಂಗಳೂ ಆಗದ ಜ್ವರಕ್ಕೆ ಮನುಷ್ಯ ಇಷ್ಟು ಬೇಗ ಸೊರಗುವುದನ್ನು ನಾನು ನೋಡಿಲ್ಲ. ಬಳೆ ಮೊಣಕೈವರೆಗೆ ಏರ್ತದೆ.

ಪೆರ್ನಾಳಿನ ದಿನ ನಿನ್ನ ಕೆನ್ನೆಯ ಕಲೆ ನೋಡಿ ನನಗೆ ನಾಚಿಕೆ ಆಗಿತ್ತು. ಇಷ್ಟಕ್ಕೆ ತಮ್ಮನ ಮೇಲೆ ಸಂಶಯಪಟ್ಟೆನಲ್ಲ ಅಂತ. ಅದನ್ನು ಎದುರಿಗೆ ಹೇಳಲಿಕ್ಕೆ ಆಗಲಿಲ್ಲ, ಈಗ ಬರೆಯುತ್ತಿದ್ದೇನೆ.

ಅವಳಿಗೆ ದಿನಾ ಫೋನ್ ಮಾಡು.

ನುಸ್ರತ್


ಅಲ್ ಅಹ್ಸಾ
14 ಜುಲೈ 2024

ಅಕ್ಕ,

ಅವಳನ್ನು ಮಂಗಳೂರಿಗೆ ಕರ್ಕೊಂಡು ಹೋಗು. ದೊಡ್ಡ ಆಸ್ಪತ್ರೆಗೆ. ಖರ್ಚಿನ ಯೋಚನೆ ಬೇಡ. ಅಲ್ಲಿ ಎಲ್ಲ ಮಿಶಿನ್ ಉಂಟು, ಅವರಿಗೆ ಗೊತ್ತಾಗ್ತದೆ.

ಡಾಕ್ಟ್ರು ಏನೆಲ್ಲ ಕೇಳ್ತಾರೆ ಅಂತ ನನಗೆ ಬರೆ. ನನ್ನ ಸುಟ್ಟ ಗಾಯದ ವಿಷಯ ಎಲ್ಲ ಹೇಳ್ಲಿಕ್ಕೆ ಹೋಗಬೇಡ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸುಮ್ಮನೆ ಅವರ ತಲೆ ಬೇರೆ ಕಡೆ ಹೋಗ್ತದೆ.

ಇರ್ಷಾದ್


ಮಂಗಳೂರು, ಆಸ್ಪತ್ರೆಯಿಂದ
1 ಸೆಪ್ಟೆಂಬರ್ 2024

ಇರ್ಷಾದ್,

ಇಲ್ಲಿಗೆ ಬಂದು ಇದು ಮೂರನೇ ಸಲ. ಮೊದಲು ಕ್ಷಯ ಅಂದರು, ಒಂದು ತಿಂಗಳು ಆ ಮಾತ್ರೆ. ಈಗ ರಕ್ತದ ಕ್ಯಾನ್ಸರ್ ಇರಬಹುದು ಅಂತಾರೆ. ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್, ಎಲ್ಲ ಇಳಿಯುತ್ತಿದೆ. ಗುಲ್ಮ ದೊಡ್ಡದಾಗಿ ಹೊಕ್ಕುಳವರೆಗೆ ಬಂದಿದೆ. ಎಡಪಕ್ಕೆಯ ಕೆಳಗೆ ಕೈಯಿಟ್ಟರೆ ಕಲ್ಲಿನ ಹಾಗೆ ಸಿಗ್ತದೆ. ಮುಖ ಕಪ್ಪಾಗಿದೆ. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲ, ಇನ್ನೊಮ್ಮೆ ತೆಗೆದು ಹೊರಗಿನ ಲ್ಯಾಬಿಗೆ ಕಳಿಸ್ತಾರಂತೆ.

ಡಾಕ್ಟರು ಏನು ಕೇಳಿದರು ಅಂತ ಬರೆಯಲು ಹೇಳಿದ್ದೆಯಲ್ಲ. ಶೋಧನ್ ಅಂತ ಒಬ್ಬ ಸಣ್ಣ ಪ್ರಾಯದ ಡಾಕ್ಟರು ನಿನ್ನೆ ಕೇಳಿದರು, "ಇವರು ಬಿಹಾರದ ಕಡೆಗೆಲ್ಲ ಹೋಗಿದ್ದಾರಾ? ಮನೆಯಲ್ಲಿ ಯಾರಿಗಾದ್ರೂ ತಿಂಗಳುಗಟ್ಟಲೆ ಮಾಯದ ಚರ್ಮದ ಹುಣ್ಣು ಇತ್ತಾ?"

"ಇವಳು ಮಂಗಳೂರು ದಾಟಿದವಳಲ್ಲ," ಅಂದೆ. ಹುಣ್ಣಿನ ಮಾತಿಗೆ ನಿನ್ನ ನೆನಪಾಯ್ತು. ನೀನು ಬೇಡ ಅಂದಿದ್ದರೂ ಹೇಳಿದೆ. "ನನ್ನ ತಮ್ಮನಿಗೆ ಸೌದಿಯಲ್ಲಿ ಕೆನ್ನೆ ಸುಟ್ಟಿತ್ತು, ವೆಲ್ಡಿಂಗ್ ಕಿಡಿ. ಗುಣವಾಗಿದೆ." "ಸುಟ್ಟದ್ದಾ, ಹಾಗಾದರೆ ಅದಲ್ಲ," ಅಂತ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಆಗ ನಸೀಬಾ ಗೋಡೆಯ ಕಡೆಗೆ ತಿರುಗಿ ಮಲಗಿದಳು. ನೋವಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದಳು. ಮತ್ತೆ ನಿನ್ನ ಹತ್ತಿರ ಮಾತಾಡಬೇಕು ಅಂತ ಫೋನ್ ತೆಗೆದುಕೊಂಡಳು. ನಾನು ಹೊರಗೆ ಹೋಗಿ ಕೂತೆ, ಗಂಡ ಹೆಂಡತಿ ಮಾತಾಡಲಿ ಅಂತ.

ನೀನು ಬರಬೇಕು ಇರ್ಷಾದ್. ಕಂಪನಿ ಬಿಡದಿದ್ದರೆ ಕಾಲು ಹಿಡಿದಾದರೂ ಬಾ.

ನುಸ್ರತ್


ಪುಂಜಾಲಕಟ್ಟೆ
22 ಸೆಪ್ಟೆಂಬರ್ 2024

ಇರ್ಷಾದ್,

ಅಲ್ಲೇ ದುಡಿಯುವ ನಮ್ಮೂರಿನ ನೌಫಲ್ ನಿನ್ನ ಕೋಣೆಗೆ ಬಂದು ಸುದ್ದಿ ಮುಟ್ಟಿಸಿದ್ದಾನೆ ಅಂತ ಗೊತ್ತು. ಐದು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಆದರೂ ಬರೆಯಬೇಕು, ಯಾಕೆಂದರೆ ನೀನು ಅಲ್ಲಿರಲಿಲ್ಲ.

ಸೋಮವಾರ ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ, ಕ್ಷಯ ಅಲ್ಲ. ಮಜ್ಜೆಯ ಒಳಗೆ ಕಣ್ಣಿಗೆ ಕಾಣದಂಥ ಹುಳುಗಳು ತುಂಬಿದ್ದವಂತೆ. ಕಾಲಾ ಅಜಾರ್ ಅಂದರು. ಡಾಕ್ಟರುಗಳು ಆ ಹುಳುವಿಗೆ ಲೀಶ್ಮೇನಿಯಾ ಅಂತಾರೆ. ಡಾಕ್ಟರ್ ಶೋಧನ್ ಓಡಿಕೊಂಡು ಬಂದು ಹೇಳಿದರು, "ಇದಕ್ಕೆ ಒಳ್ಳೆ ಮದ್ದು ಉಂಟು ಅಮ್ಮ. ಡ್ರಿಪ್ಪಿನಲ್ಲಿ ಕೊಡುವುದು. ಬೆಂಗಳೂರಿನಿಂದ ನಾಳೆ ಬರ್ತದೆ." ಜುಲೈಕಾ ಅಲ್ಲಿಯೇ ನೆಲಕ್ಕೆ ಹಣೆಯಿಟ್ಟು ಸುಜೂದಿಗೆ ಬಿದ್ದರು. ಕ್ಯಾನ್ಸರ್ ಅಲ್ಲವಲ್ಲ ಅಂತ ನಾವು ಖುಷಿಪಟ್ಟೆವು.

ಮಂಗಳವಾರ ಬೆಳಗ್ಗೆ ಮೂಗಿನಿಂದ ರಕ್ತ ಶುರುವಾಯ್ತು. ನಿಲ್ಲಲಿಲ್ಲ. ಹತ್ತು ಗಂಟೆಗೆ ಹೋದಳು. ಮದ್ದು ಮಧ್ಯಾಹ್ನ ಬಂತು.

ಅಸರ್ ನಮಾಜಿನ ನಂತರ ದಫನ ಆಯ್ತು. ಜುವೈರಿಯಾ ನನ್ನ ಹತ್ತಿರ ಮಲಗುತ್ತಾಳೆ. ಏನೂ ಕೇಳುವುದಿಲ್ಲ. ಅದೇ ನನಗೆ ಹೆದರಿಕೆ.

ನುಸ್ರತ್


ಮೂಡಬಿದಿರೆ
24 ನವೆಂಬರ್ 2024

ಇರ್ಷಾದ್,

ಎರಡು ತಿಂಗಳು ಆಯ್ತು, ನಿನ್ನಿಂದ ಒಂದಕ್ಷರ ಇಲ್ಲ. ಯಾಕೆ ಅಂತ ಈಗ ನನಗೆ ಗೊತ್ತಾಗಿದೆ.

ನೌಫಲ್ ರಜೆಯಲ್ಲಿ ಬಂದಿದ್ದ. ನಿನ್ನ ಕೆನ್ನೆ ಸುಟ್ಟದ್ದಲ್ಲ, ನೊಣ ಕಚ್ಚಿ ಆದ ಹುಣ್ಣು, ಅಲ್ಲಿ ತೋಟದಲ್ಲಿ ದುಡಿಯುವ ತುಂಬಾ ಜನರಿಗೆ ಆಗ್ತದೆ ಅಂತ ಅವನ ಬಾಯಿಂದ ಬಂತು. ಅವನು ಮತ್ತೆಲ್ಲಿ ಹೇಳಿದನೋ, ಒಂದು ವಾರದಲ್ಲಿ ಊರಿಡೀ ಅದೇ ಮಾತು. ಆ ಹುಣ್ಣೂ ಲೀಶ್ಮೇನಿಯಾ, ಈ ಜ್ವರವೂ ಲೀಶ್ಮೇನಿಯಾ. ಗಂಡ ತಂದದ್ದು ಹೆಂಡತಿಗೆ ತಾಗಿತು. ಮೀನು ಅಂಗಡಿಯಲ್ಲಿ ನನ್ನ ಎದುರೇ ಹೇಳಿದರು. ಪಾಪ, ಆ ಹೊರೆ ಹೊತ್ತುಕೊಂಡು ನೀನು ಅಲ್ಲಿ ಒಬ್ಬನೇ ಕೂತಿದ್ದೀಯ ಅಂತ ನನಗೆ ಆಗ ಅರ್ಥವಾಯ್ತು.

ಇನ್ನು ಇದನ್ನು ನಿಧಾನವಾಗಿ ಓದು. ಹೋದ ವಾರ ಆರೋಗ್ಯ ಇಲಾಖೆಯಿಂದ ಕಾಂತಿ ಅಂತ ಒಬ್ಬಳು ಬಂದಳು. ಬೆಳ್ತಂಗಡಿ ಕಡೆಯವಳು, ಅವಳ ಕೆಲಸವೇ ಕೀಟ ಹಿಡಿಯುವುದು. ಮೂರು ದಿನ ಬೆಳಗಿನ ಹೊತ್ತು ಜುಲೈಕಾರ ಕೊಟ್ಟಿಗೆಯಲ್ಲಿ ಟಾರ್ಚು ಹಿಡಿದು ಕುಕ್ಕರುಗಾಲಿನಲ್ಲಿ ಕೂತಳು. ಕೆಂಪು ಕಲ್ಲಿನ ಗೋಡೆಯ ಸಂದಿನಿಂದ, ಗಾಜಿನ ಕೊಳವೆಯಲ್ಲಿ ಬಾಯಿಯಿಂದ ಎಳೆದು ಎಳೆದು ನೊಣ ಹಿಡಿದಳು. ಮರಳುನೊಣ ಅಂತಾರೆ. ಸೊಳ್ಳೆಯ ಅರ್ಧದಷ್ಟೂ ಇಲ್ಲ, ರೆಕ್ಕೆ ಎತ್ತಿಕೊಂಡೇ ಕೂತಿರ್ತದೆ. "ಸೊಳ್ಳೆಯಾದ್ರೆ ಹಾಡಿಕೊಂಡು ಬರ್ತದೆ ಟೀಚರ್. ಇದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ," ಅಂದಳು.

ನಾನು ಅವಳನ್ನು ಬದಿಗೆ ಕರೆದು ನಿನ್ನ ವಿಷಯ ಎಲ್ಲ ಹೇಳಿದೆ. ಕೊನೆಗೆ, "ನನ್ನ ತಮ್ಮ ಹೆಂಡತಿಯನ್ನು ಕೊಂದನಾ ಹೇಳು," ಅಂತ ಕೇಳಿದೆ.

"ಇಲ್ಲ ಟೀಚರ್," ಅಂದಳು. "ಮರಳುನೊಣದಲ್ಲಿ ನೂರಾರು ಜಾತಿ. ಅಲ್ಲಿ ಹುಣ್ಣು ಮಾಡುವ ಹುಳು ಬೇರೆ, ಅದನ್ನು ಹೊರುವ ನೊಣವೂ ಬೇರೆ. ಅದು ಮರುಭೂಮಿಯ ಇಲಿಯ ಬಿಲದಲ್ಲಿ ಇರುವಂಥದ್ದು. ನಿಮ್ಮ ತಮ್ಮನ ಹೆಂಡತಿಯ ಮಜ್ಜೆಯಲ್ಲಿದ್ದ ಹುಳು ಬಿಹಾರ, ಬಂಗಾಳದ ಜಾತಿ ಅಂತ ದೊಡ್ಡ ಲ್ಯಾಬಿನಲ್ಲಿ ನೋಡಿ ಬರೆದಿದ್ದಾರೆ. ಅದನ್ನು ಹೊರುವ ನೊಣಕ್ಕೆ ಬೆಳ್ಳಿಕಾಲು. ದನದ ಕೊಟ್ಟಿಗೆ ಅಂದ್ರೆ ಅದಕ್ಕೆ ಇಷ್ಟ. ಈ ಗೋಡೆಯಲ್ಲೇ ನನಗೆ ಹನ್ನೊಂದು ಸಿಕ್ಕಿದೆ. ನಿಮ್ಮ ತಮ್ಮ ಹತ್ತು ಸಲ ಬಂದು ಹೋದ್ರೂ ಆ ಹುಣ್ಣಿನಿಂದ ಈ ಜ್ವರ ಬರುವುದಿಲ್ಲ."

ಹಾಗಾದರೆ ಎಲ್ಲಿಂದ ಬಂತು ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಅಳದಂಗಡಿಯ ಆಚೆ ಒಬ್ಬ ಮುದುಕನಿಗೆ ಇದೇ ಜ್ವರ ಇತ್ತು ಅಂತ ಈಗ ತಿಳಿದಿದೆಯಂತೆ. ಅವನೂ ಊರು ಬಿಟ್ಟವನಲ್ಲ. ಘಟ್ಟದ ಬುಡದಲ್ಲಿ ಅಲ್ಲೊಂದು ಇಲ್ಲೊಂದು. "ನೊಣ ಮೊದಲಿನಿಂದಲೂ ಇಲ್ಲಿ ಉಂಟು. ಹುಳು ಯಾವಾಗ ಬಂತು, ಯಾರ ರಕ್ತದಲ್ಲಿ ಬಂತು ಹೇಳ್ಲಿಕ್ಕೆ ಆಗುವುದಿಲ್ಲ. ಡಾಕ್ಟ್ರುಗಳಿಗೆ ಈ ಊರಿನಲ್ಲಿ ಇದರ ಯೋಚನೆಯೇ ಬರುವುದಿಲ್ಲ. ಯೋಚನೆ ಬಂದ್ರೆ ಬೆರಳ ತುದಿಯ ಒಂದು ಹನಿ ರಕ್ತ, ಹತ್ತು ನಿಮಿಷದ ಪರೀಕ್ಷೆ."

ಕೇಳಿದೆಯಾ ಇರ್ಷಾದ್? ನಿನ್ನಿಂದ ಅಲ್ಲ. ನಾನು ಊರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಆದರೆ ನಿನ್ನನ್ನು ಬಿಡಿಸಲು ಹೋಗಿ ಇನ್ನೊಬ್ಬರನ್ನು ಸಿಕ್ಕಿಸಿದೆ. ಜುಲೈಕಾ ಮಾತೆಲ್ಲ ಕೇಳಿ, "ನನ್ನ ಕೊಟ್ಟಿಗೆಯಾ?" ಅಂದರು, ಅಷ್ಟೇ. ದನಗಳನ್ನು ಕೊಟ್ಟುಬಿಟ್ಟರು. ಮರುದಿನ ಹೋದರೆ ಹಾರೆ ಹಿಡಿದು ಗೋಡೆ ಕೆಡವುತ್ತಿದ್ದರು. ಕೈಯೆಲ್ಲ ರಕ್ತ. ನಾನು ಹಿಡಿದರೂ ನಿಲ್ಲಲಿಲ್ಲ.

ಈಗಲಾದರೂ ಬರೆ.

ನುಸ್ರತ್


ಅಲ್ ಅಹ್ಸಾ
11 ಡಿಸೆಂಬರ್ 2024

ಅಕ್ಕ,

ನಿನ್ನ ಕಾಗದ ಓದಿದೆ. ತುಂಬಾ ಸಲ ಓದಿದೆ. ಇದನ್ನು ಓದಿದ ಮೇಲೆ ನೀನು ನನಗೆ ಬರೆಯುವುದು ನಿಲ್ಲಿಸಬಹುದು.

ಜ್ವರ ನಾನು ಹೋದ ಮೇಲೆ ಬಂದದ್ದಲ್ಲ. ಮೇ ತಿಂಗಳಲ್ಲಿ, ನಾನಿರುವಾಗಲೇ ಬಂತು. ಒಂದು ಸಂಜೆ ಅವಳು ಬೀಡಿ ಎಲೆ ಕತ್ತರಿಸುತ್ತಾ ನಡುಗಲಿಕ್ಕೆ ಶುರು ಮಾಡಿದಳು. ಮೂರು ದಿನ ಬಿಡಲಿಲ್ಲ. ನನ್ನ ಹತ್ತಿರ ಇಲ್ಲಿಯ ಕ್ಲಿನಿಕ್ಕಿನ ಚೀಟಿ ಇತ್ತು. ಅದರಲ್ಲಿ ಲೀಶ್ಮೇನಿಯಾ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಹೆಸರನ್ನು ಫೋನಿನಲ್ಲಿ ಹಾಕಿ ನೋಡಿದೆ. ಹುಣ್ಣಿನದ್ದು ಒಂದು ಥರ, ಹೊಟ್ಟೆಯ ಒಳಗಿನದ್ದು ಒಂದು ಥರ, ಜ್ವರ ಬಿಡುವುದಿಲ್ಲ, ಗುಲ್ಮ ಬಾತುಕೊಳ್ಳುತ್ತದೆ, ಮದ್ದು ಮಾಡದಿದ್ದರೆ ಸಾಯುತ್ತಾರೆ ಅಂತ ಇತ್ತು. ನಾನು ಅವಳ ಎಡಪಕ್ಕೆಯ ಕೆಳಗೆ ಒತ್ತಿ ನೋಡಿದೆ. "ಅಲ್ಲಿ ಬಿಗಿ ಉಂಟು," ಅಂದಳು.

ನನ್ನಿಂದ ತಾಗಿತು ಅಂತಲೇ ನಾನು ತಿಳಿದುಕೊಂಡೆ. ಅವಳ ಉಮ್ಮನ ಎದುರು ಹೇಗೆ ನಿಲ್ಲುವುದು? ಊರವರು ಏನು ಹೇಳಿಯಾರು? ಅದೇ ತಲೆಯಲ್ಲಿ. ಅವಳಿಗೆ ಸತ್ಯ ಹೇಳಿದೆ, ಕೆನ್ನೆಯದ್ದು ಸುಟ್ಟದ್ದಲ್ಲ ಅಂತ. ಮತ್ತೆ ಹೇಳಿದೆ, "ನಾನು ಹೋದ ಮೇಲೆ ಡಾಕ್ಟ್ರಿಗೆ ತೋರಿಸು. ಜ್ವರ ನಾನಿರುವಾಗ ಬಂತು ಅಂತ ಯಾರಿಗೂ ಹೇಳಬೇಡ. ನನ್ನ ಹುಣ್ಣಿನ ವಿಷಯವೂ ಬೇಡ."

"ನೀವು ಹೇಳಿದ ಹಾಗೆ," ಅಂದಳು.

ಆಸ್ಪತ್ರೆಯಿಂದ ಅವಳು ಫೋನ್ ಮಾಡಿದ ದಿನ, ನೀನು ಹೊರಗೆ ಹೋಗಿ ಕೂತೆ ಅಂತ ಬರೆದಿದ್ದೆಯಲ್ಲ. ಅವಳು ಕೇಳಿದ್ದು ಒಂದೇ ಮಾತು. "ಡಾಕ್ಟ್ರು ಹುಣ್ಣಿನ ವಿಷಯ ಕೇಳ್ತಿದ್ದಾರೆ. ಹೇಳ್ಲಾ?" ನಾನು, "ಬೇಡ, ಅವರೇ ಕಂಡುಹಿಡೀತಾರೆ," ಅಂದೆ. ಅವಳು ಮತ್ತೆ ನನ್ನ ಊಟ ಆಯ್ತಾ ಅಂತ ಕೇಳಿದಳು.

ಕಾಂತಿ ಹೇಳಿದ್ದು ಸರಿ. ನನ್ನ ಹುಳು ಬೇರೆ, ಅವಳ ಹುಳು ಬೇರೆ. ಆದರೆ ಹೆಸರು ಒಂದೇ ಅಕ್ಕ. ಆ ಹೆಸರು ಮೇ ತಿಂಗಳಿಂದ ನನ್ನ ಜೇಬಿನಲ್ಲಿತ್ತು. ತಪ್ಪು ಲೆಕ್ಕದಿಂದಲೇ ಆಗಲಿ, ನಾನು ಅದನ್ನು ಒಂದು ಸಲ ಡಾಕ್ಟ್ರ ಎದುರು ಹೇಳಿದ್ದರೆ ಆ ಹತ್ತು ನಿಮಿಷದ ಪರೀಕ್ಷೆ ಮಾಡ್ತಿದ್ದರು. ಮೂರು ತಿಂಗಳು ಅವರು ಹುಡುಕಿದರು. ನಾನು ನೋಡುತ್ತಾ ಇದ್ದೆ.

ಇರ್ಷಾದ್


ಮೂಡಬಿದಿರೆ
3 ಜನವರಿ 2025

ಇರ್ಷಾದ್,

ಇಪ್ಪತ್ತು ದಿನ ಬೇಕಾಯ್ತು ನನಗೆ ಪೆನ್ನು ಹಿಡಿಯಲು. ಆ ಡಾಕ್ಟರಿಗೆ "ಸುಟ್ಟದ್ದು" ಅಂತ ಹೇಳಿದ ಬಾಯಿ ನನ್ನದು. ನಿನ್ನ ಸುಳ್ಳನ್ನು ನಾನು ಆಸ್ಪತ್ರೆಯವರೆಗೆ ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸಿದೆ. ಅವಳು ಗೋಡೆಗೆ ತಿರುಗಿದ್ದನ್ನು ನಾನು ನೋವು ಅಂತ ತಿಳಿದುಕೊಂಡೆ.

ಜುಲೈಕಾ ಈಗಲೂ ತನ್ನ ಕೊಟ್ಟಿಗೆಯೇ ಮಗಳನ್ನು ತಿಂದಿತು ಅಂತ ಅನ್ನ ಬಿಟ್ಟು ಕೂತಿದ್ದಾರೆ. ನೊಣ ಅಲ್ಲಿಯದ್ದೇ ಇರಬಹುದು. ಆದರೆ ನೊಣ ಕಚ್ಚಿದ ಮಾತ್ರಕ್ಕೆ ಅವಳು ಸಾಯಬೇಕಾಗಿರಲಿಲ್ಲ ಅಂತ ಅವರಿಗೆ ಗೊತ್ತಾಗಬೇಕು. ನಾನು ಹೇಳುವುದಿಲ್ಲ. ಕಾಗದದಲ್ಲಿ ಹೇಳುವ ಮಾತೂ ಅಲ್ಲ.

ಬಾ. ಅವರ ಎದುರು ಕೂತು ನೀನೇ ಹೇಳು.

ನುಸ್ರತ್


ಮಂಗಳೂರು, ಆಸ್ಪತ್ರೆಯಿಂದ
6 ಮೇ 2025

ಇರ್ಷಾದ್,

ಮೊದಲೇ ಬರೆಯುತ್ತೇನೆ, ಮಗು ಕ್ಷೇಮ.

ಫೆಬ್ರವರಿಯಲ್ಲಿ ನೀನು ಬಂದು ಜಗಲಿಯಲ್ಲಿ ಕೂತು ಎಲ್ಲ ಹೇಳಿದ ದಿನ ಜುಲೈಕಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನೀನು ವಿಮಾನ ಹತ್ತುವವರೆಗೂ ನಿನ್ನ ಮುಖ ನೋಡಲಿಲ್ಲ. ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಮರುದಿನ ಅವರು ನನ್ನನ್ನು ಕರೆಸಿದ್ದು. "ನುಸ್ರತ್, ಇಷ್ಟು ದಿನ ನಾನು ನನ್ನ ಗೋಡೆಯನ್ನು ಶಪಿಸಿದೆ. ಕಲ್ಲಿನ ಗೋಡೆ, ಅದಕ್ಕೇನೂ ತಾಗುವುದಿಲ್ಲ. ಈಗ ಯಾರನ್ನು ಶಪಿಸಲಿ? ಅವನು ನನ್ನ ಮೊಮ್ಮಗಳ ಅಪ್ಪ. ಇದಕ್ಕಿಂತ ಹೇಳದೆಯೇ ಇದ್ದಿದ್ದರೆ ಒಳ್ಳೆಯದಿತ್ತು," ಅಂದರು. ನಿನ್ನನ್ನು ಕರೆಸಿದ್ದು ತಪ್ಪಾಯ್ತೋ ಅಂತ ನಾನು ಎರಡು ತಿಂಗಳು ಒದ್ದಾಡಿದೆ. ಅದಕ್ಕೇ ನಿನಗೆ ಬರೆಯಲಿಲ್ಲ.

ಹೋದ ತಿಂಗಳು ಜುವೈರಿಯಾಳಿಗೆ ಜ್ವರ ಬಂತು. ಜೋರಿನದ್ದಲ್ಲ, ಸಂಜೆ ಬೆಚ್ಚಗೆ, ಬೆಳಗ್ಗೆ ಆಡ್ತಿದ್ದಳು. ಹತ್ತು ದಿನವಾದರೂ ಬಿಡದಾಗ ಊರಿನ ಕ್ಲಿನಿಕ್ಕಿನಲ್ಲಿ, "ವೈರಲ್ ಇರಬಹುದು, ಇನ್ನೊಂದು ವಾರ ನೋಡುವ," ಅಂದರು. ಅವಳ ಉಮ್ಮನಿಗೆ ಏನಾಗಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ, ಅವರು ಹೊಸಬರು.

ಜುಲೈಕಾ, "ನೋಡುವುದಿಲ್ಲ," ಅಂದರಂತೆ. "ಕಾದರೆ ಏನಾಗ್ತದೆ ಅಂತ ಇವಳ ಅಪ್ಪ ನನಗೆ ಹೇಳಿದ್ದಾನೆ."

ನನಗೂ ಫೋನ್ ಮಾಡಲಿಲ್ಲ. ಮಂಗಳೂರಿನ ಬಸ್ಸು ಹತ್ತಿ, ಮಗುವನ್ನು ಹೊತ್ತುಕೊಂಡು, ನೇರ ಡಾಕ್ಟರ್ ಶೋಧನ್ ಎದುರು ನಿಂತರು. ಮನೆಮಾತು ಬಿಟ್ಟು ಕನ್ನಡ ಸರಿಯಾಗಿ ಬಾರದ ಹೆಂಗಸು, ಒಂದೊಂದೇ ಶಬ್ದ ಹುಡುಕಿ ಎಲ್ಲವನ್ನೂ ಹೇಳಿದರಂತೆ. ಇವಳ ಉಮ್ಮ ಈ ರೋಗದಲ್ಲಿ ಸತ್ತದ್ದು. ಜ್ವರ ಶುರುವಾದ ತಾರೀಕು. ಅಪ್ಪನ ಕೆನ್ನೆಯ ಹುಣ್ಣು, ಅದು ಸುಟ್ಟದ್ದಲ್ಲ ಅಂತ. ತಾನು ಕೆಡವಿದ ಕೊಟ್ಟಿಗೆ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲಿಲ್ಲ. ಡಾಕ್ಟರು ಅಲ್ಲಿಯೇ ಬೆರಳು ಚುಚ್ಚಿ ನೋಡಿದರು. ಎರಡು ಗೆರೆ ಬಂತು, ಅದೇ ರೋಗ.

ನಾಲ್ಕು ದಿನದ ಹಿಂದೆ ಮದ್ದಿನ ಡ್ರಿಪ್ ಆಯ್ತು. ನಿನ್ನೆಯಿಂದ ಜ್ವರ ಇಲ್ಲ. ಗುಲ್ಮ ಸ್ವಲ್ಪವೇ ಬಾತಿತ್ತು, ಇಳಿಯುತ್ತದಂತೆ. ಇವತ್ತು ಎರಡು ದೋಸೆ ತಿಂದು ಮೂರನೆಯದಕ್ಕೆ ಹಟ ಮಾಡಿದಳು. ಕಾಂತಿ ಮತ್ತೆ ಪುಂಜಾಲಕಟ್ಟೆಯ ಮನೆ ಮನೆಗೆ ಹೋಗ್ತಿದ್ದಾಳೆ, ಈ ಸಲ ನೊಣ ಹಿಡಿಯಲಿಕ್ಕೆ ಮಾತ್ರ ಅಲ್ಲ, ಜ್ವರ ಇದ್ದವರನ್ನು ಕೇಳಲಿಕ್ಕೆ.

ಇರ್ಷಾದನಿಗೆ ಬರೆಯುತ್ತೇನೆ ಅಂತ ಜುಲೈಕಾರಿಗೆ ಹೇಳಿದೆ. ಮಗುವಿನ ತಲೆ ಬಾಚುತ್ತಿದ್ದರು. ಬಾಚಣಿಗೆ ನಿಲ್ಲಿಸದೆ ಅಂದರು, "ಬರೆ. ಮಗು ಉಳಿಯಿತು ಅಂತ ಬರೆ."

ಜಡೆ ಹೆಣೆದು ಮುಗಿಸಿ ಮತ್ತೆ ಅಂದರು, "ನಾನು ಮಾಫ್ ಮಾಡಿದೆ ಅಂತ ಬರೆಯಬೇಡ."

ಅವರು ಹೇಳಿದ ಹಾಗೆಯೇ ಬರೆದಿದ್ದೇನೆ.

ನುಸ್ರತ್